ಸಕ್ಕರೆ ಹಾಕಿದ ಮಫಿನ್ನು

ಮೆಂಫಿಸ್,
ಅಕ್ಟೋಬರ್ ೧೪, ೨೦೧೯

ಪ್ರೀತಿಯ ಅರ್ನೆಸ್ಟೀನ್ ಅಕ್ಕ,

ಡೆಟ್ರಾಯಿಟ್‌ನಲ್ಲಿ ಆಗಲೇ ಚಳಿ ಶುರುವಾಗಿರಬೇಕು. ನಿನ್ನ ಮಂಡಿನೋವು ಹೇಗಿದೆ? ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಫೋನಿನಲ್ಲಿ ಹೇಳೋಣವೆಂದರೆ ಹೊರೇಸ್ ಸದಾ ಪಕ್ಕದಲ್ಲೇ ಇರುತ್ತಾನೆ, ಕಟ್ಟಿಕೊಂಡ ಗಂಡನ ಮುಂದೆಯೇ ಅವನ ವಿಷಯ ಮಾತಾಡಲು ನನಗೆ ಬಾಯಿ ಬರುವುದಿಲ್ಲ.

ಎರಡು ವರ್ಷದಿಂದ ಅವನ ನೆನಪು ಸವೆಯುತ್ತಿರುವುದು ನಿನಗೆ ಗೊತ್ತೇ ಇದೆ. ಈಗ ಊಟವನ್ನೂ ಬಿಟ್ಟಿದ್ದಾನೆ. ಚಮಚ ಹತ್ತಿರ ತಂದರೆ ತುಟಿ ಬಿಗಿಹಿಡಿಯುತ್ತಾನೆ. ಹದಿನೆಂಟು ಪೌಂಡ್ ಇಳಿದಿದ್ದಾನಂತೆ. "ಈ ತಿಂಗಳ ಕೊನೆಗೆ ಇನ್ನೂ ಇಳಿದ್ರೆ ಮನೇಲಿ ಇಟ್ಕೊಳ್ಳೋಕಾಗಲ್ಲಮ್ಮ, ನೋಡ್ಕೊಳ್ಳೋ ಕಡೆ ಸೇರಿಸಲೇಬೇಕು" ಎಂದರು ಡಾಕ್ಟರು. ನಾನಿರುವ ತನಕ ಅದಾಗದು ಎಂದು ಜೋರಾಗಿ ಹೇಳಿ ಬಂದೆ. ಸೊಪ್ಪು ಬೇಯಿಸಿದೆ, ಮಾಂಸದ ಸಾರು ಮಾಡಿದೆ. ಕೊನೆಗೆ ಅಮ್ಮನ ಬೀಡುಕಬ್ಬಿಣದ ಬಾಣಲೆ ಕಾಯಿಸಿ, ಮಜ್ಜಿಗೆ ಹಾಕಿ, ಅಮ್ಮ ಕಲಿಸಿದಂತೆ ಒಂದು ಹರಳು ಸಕ್ಕರೆಯಿಲ್ಲದೆ ಮುಸುಕಿನ ಜೋಳದ ಬ್ರೆಡ್ ಮಾಡಿದೆ. ಮದುವೆಯಾದ ಮೊದಲ ವಾರದಿಂದ ಪ್ರತಿ ಭಾನುವಾರ ಅದನ್ನು ತಿಂದು ತಟ್ಟೆ ಖಾಲಿ ಮಾಡಿ ಎದ್ದವನು ಅವನು. ಈ ಸಲ ಒಂದು ತುತ್ತು ಬಾಯಿಗಿಟ್ಟು ನನ್ನ ಅಂಗೈಗೇ ಉಗಿದ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ ಅಕ್ಕ.

ಮರುದಿನ ಚರ್ಚಿನ ವಿಲ್ಮಾಳನ್ನು ಅವನ ಬಳಿ ಕೂರಿಸಿ ಔಷಧಿ ತರಲು ಹೊರಟೆ. ನಮ್ಮ ಬೀದಿಯ ಮೂಲೆಯಲ್ಲಿ ಹೊರೇಸ್ ಕೂದಲು ಕತ್ತರಿಸಿಕೊಳ್ಳುತ್ತಿದ್ದ ಅಂಗಡಿ ಈಗ ಮೆಕ್ಸಿಕೋದವರ ಬೇಕರಿಯಾಗಿದೆ. ಮೂರು ವರ್ಷದಿಂದ ಅದರ ಮುಂದೆ ಮುಖ ಗಂಟಿಕ್ಕಿಕೊಂಡು ಓಡಾಡಿದವಳು ನಾನು, ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಅಂದು ಜೋಳ ಬೇಯುವ ವಾಸನೆಗೆ ಕಾಲು ತಾನಾಗಿ ಒಳಗೆ ಹೋಯಿತು.

ಗಾಜಿನ ಕಪಾಟಿನಲ್ಲಿ ಹಳದಿ ಮಫಿನ್ನುಗಳಿದ್ದವು. ಬಾಗಿಲು ತೆಗೆದು ಒಂದನ್ನು ಕೈಯಲ್ಲೇ ಎತ್ತಿ, ಮನೆಯಲ್ಲಿ ಮಾಡುವಂತೆ ಒತ್ತಿ ನೋಡಿದೆ. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಅಂಗಡಿಯ ಯಜಮಾನಿ ಎಲ್ವಿರಾ ಓಡಿಬಂದಳು.

"ಅಯ್ಯೋ ಅಮ್ಮಾ, ಕೈ ಹಾಕಂಗಿಲ್ಲ! ತಟ್ಟೆ ತಗೊಳ್ಳಿ, ಇಕ್ಕಳ ತಗೊಳ್ಳಿ, ಬೇಕಾದ್ದು ಎತ್ಕೊಳ್ಳಿ."

"ಬಿಡು ಎಲ್ವಿರಾ, ಹಿಚುಕಿದ್ದು ಅವರದೇ ಆಯ್ತು" ಎಂದ ಹಿಂದೆ ನಿಂತಿದ್ದ ಮುದುಕ. ಎಲ್ಲರೂ ನಕ್ಕರು.

ನಾಚಿಕೆ ಮುಚ್ಚಿಕೊಳ್ಳಲು ನಾನೇ ಜೋರು ಮಾಡಿದೆ. "ಇದಕ್ಕೆ ಸಕ್ಕರೆ ಹಾಕ್ತೀಯಾ?"

"ಹಾಕದೆ ಏನು?"

"ಹಂಗಾದ್ರೆ ಇದು ಜೋಳದ ಬ್ರೆಡ್ಡಲ್ಲ, ಕೇಕು."

"ಏನಾದ್ರೂ ಅನ್ನಿ ತಾಯಿ, ಬಿಸಿ ಆರೋಕೆ ಮುಂಚೆ ತಿಂದು ಅನ್ನಿ."

ಅಲ್ಲೇ ಕಚ್ಚಿದೆ. ಹಸಿ ಜೋಳ ರುಬ್ಬಿ ಮಾಡಿದ್ದು, ಒಳಗೆ ಮೆತ್ತಗೆ ಒದ್ದೆಯೊದ್ದೆ, ಅಂಚು ಮಾತ್ರ ಗರಿಗರಿ. ಅಮ್ಮನ ಆತ್ಮ ಕ್ಷಮಿಸಲಿ, ಬಹಳ ಚೆನ್ನಾಗಿತ್ತು. ತಟ್ಟೆ, ಇಕ್ಕಳ ಹಿಡಿದು ಇನ್ನೂ ನಾಲ್ಕು ಎತ್ತಿಕೊಂಡೆ.

ಹೊರೇಸ್ ಎರಡು ತಿಂದ! ಮಡಿಲಿಗೆ ಉದುರಿದ ಪುಡಿಯನ್ನೂ ಬೆರಳಿಗಂಟಿಸಿಕೊಂಡು ನೆಕ್ಕಿದ. ಅಂದಿನಿಂದ ದಿನಾ ತರುತ್ತೇನೆ, ಹಾಲಿನಲ್ಲಿ ಅದ್ದಿ ಕೊಡುತ್ತೇನೆ. ಮೊನ್ನೆ ನರ್ಸ್ ತೂಕ ನೋಡಿ, ಎರಡು ಪೌಂಡ್ ಏರಿದೆ, ಸದ್ಯಕ್ಕೆ ಮನೆಯಲ್ಲೇ ಇರಲಿ ಎಂದಳು. ವಿಲ್ಮಾ ಕೈಯೆತ್ತಿ ದೇವರನ್ನು ಕೊಂಡಾಡಿದಳು, ನಾನೂ ದನಿಗೂಡಿಸಿದೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ಕರ್ತನು ನಿನ್ನ ಮನೆಯ ಮೇಲೆ ಕೈಯಿಟ್ಟು ಕಾಯಲಿ, ನಿನ್ನ ಮಂಡಿಗೆ ಬಲ ಕೊಡಲಿ.

ನಿನ್ನ ತಂಗಿ,
ವರ್ಡೆಲ್

ಮರೆತ ಮಾತು: ಮರೆತಿರಲಿಲ್ಲ ಅಕ್ಕ, ಬರೆಯಲು ಕೈ ಬರಲಿಲ್ಲ. ಆ ಮೊದಲ ದಿನ ಎರಡನೆಯದನ್ನು ತಿಂದು ಮುಗಿಸಿದ ಮೇಲೆ ಹೊರೇಸ್ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದ: "ನೀವು ಬಹಳ ಚೆನ್ನಾಗಿ ಮಾಡ್ತೀರಮ್ಮ. ನಮ್ಮಮ್ಮನೂ ಸಕ್ಕರೆ ಹಾಕ್ತಿದ್ಲು. ನನ್ನ ಹೆಂಡ್ತಿ ಮಾಡೋದು ಗಂಟಲಲ್ಲಿ ಇಳಿಯಲ್ಲ. ನಲವತ್ತಾರು ವರ್ಷ ತಿಂದೆ, ಒಂದಿನಾನೂ ಹೇಳ್ಲಿಲ್ಲ. ನೀವೂ ಹೇಳ್ಬೇಡಿ, ನೊಂದ್ಕೋತಾಳೆ. ಇನ್ನೇನು ಬರ್ತಾಳೆ ಅವಳು."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನನ್ನ ಕೈ ಬಿಟ್ಟು ಬಾಗಿಲ ಕಡೆ ತಿರುಗಿ ಕೂತ. ಈಗಲೂ ದಿನಾ ತಿಂದಾದ ಮೇಲೆ ಹಾಗೇ ಕೂರುತ್ತಾನೆ, ನಾನು ಬರುವುದನ್ನು ಕಾಯುತ್ತಾ.