ಶೇಖಸಾಬ ಕೊಟ್ಟ ಶೀಶೆ

ಬೆಟಗೇರಿ
ತಾ. ೧೮-೧೧-೧೯೫೬

ಚಿ. ಸೌ. ಅಂಬೂಗೆ ಅವ್ವನ ಆಶೀರ್ವಾದಗಳು.

ನಿನ್ನ ಎರಡು ಕಾರ್ಡು ಬಂದು ಬಹಳ ದಿನವಾದವು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ನಾವು ಕುಶಲ ಎಂದು ಬರೆಯಲು ಕೈ ಏಳಲಿಲ್ಲ. ನಿನ್ನ ಕಮಲಿ ಹೋಗಿ ನಾಳೆಗೆ ತಿಂಗಳು.

ಕನ್ನಡಿಗರೆಲ್ಲ ಒಂದಾದರೆಂದು ಒಂದನೆಯ ತಾರೀಖಿಗೆ ಊರಲ್ಲಿ ಪೇಢೆ ಹಂಚಿದರು. ನಿನ್ನ ತಂದೆ ಮೆರವಣಿಗೆಗೆ ಹೋಗಿ ಒಂದು ತಂದರು. "ಯಾರಿಗೆ ಕೊಡ್ಲಿ?" ಎಂದು ಕೇಳಿ, ಅದನ್ನು ಹಿಡಿದುಕೊಂಡೇ ಪಡಸಾಲೆಯಲ್ಲಿ ಕುಳಿತರು.

ಇನ್ನು ಬಾವಿಯ ಸುದ್ದಿ. ಮನೆಮನೆಯ ಬಾವಿನೀರು ಪರೀಕ್ಷೆ ಮಾಡಿಸುವ ಶೇಖಸಾಬ ಶ್ರಾವಣದಲ್ಲಿ ಬಂದಿದ್ದನೆಂದು ಬರೆದಿದ್ದೆನಲ್ಲ. ಓಣಿಯ ಹೆಂಗಸರನ್ನು ಕೂಡಿಸಿ, "ತಿಳಿ ನೀರೆಲ್ಲಾ ಒಳ್ಳೆ ನೀರಲ್ರಿ ಬಾಯಾರ, ಜಡ್ಡು ಕಣ್ಣಿಗೆ ಕಾಣೂದಿಲ್ಲ" ಎಂದು ಹೇಳಿದ್ದ. ನಮ್ಮ ನೀರು ಚೊಲೋ ಇದೆ ಎಂದು ಆಮೇಲೆ ಕಾಗದ ಬಂತು. ನಿನ್ನ ತಂದೆ ಅದನ್ನು ದೇವರ ಗೂಡಿನಲ್ಲಿಟ್ಟರು. ನಿಮ್ಮ ಮುಂಡರಗಿಯಲ್ಲಿ ವಾಂತಿಭೇದಿ ಇದೆ, ಕೂಸನ್ನು ಇಲ್ಲಿಗೆ ಕಳಿಸು ಎಂದು ನಿನಗೆ ಬರೆದದ್ದು ಆ ಧೈರ್ಯದ ಮೇಲೆ.

ಅದೇ ವಾಂತಿಭೇದಿಯಲ್ಲಿ ಅವಳು ಹೋದ ಎಂಟು ದಿನಕ್ಕೆ ಶೇಖಸಾಬ ಮತ್ತೆ ಬಂದು ತಾನೇ ನೀರು ಸೇದಿ ಒಯ್ದ. ಆಮೇಲೆ ತಾನೇ ಬಂದು ಹೇಳಿದ, ಬಚ್ಚಲ ನೀರು ಇಳಿದು ಬಾವಿ ಕೆಟ್ಟಿದೆಯಂತೆ, ಅದೂ ಬಹಳ ದಿನದಿಂದ. "ಮೊದಲನೇ ಸಲ ನನ್ನ ಕೈಯಾಗ ಏನೋ ತಪ್ಪಾತ್ರಿ. ಕೂಸಿನ ಪಾಪ ನನಗ ಹತ್ತಿತು" ಎಂದು ಕಟ್ಟೆಯ ಮೇಲೆ ಕುಳಿತು ಅತ್ತ. ನಿನ್ನ ತಂದೆ ಬಾಯಿಗೆ ಬಂದಂತೆ ಬೈದರು. ಕಚೇರಿಯವರು ಅವನನ್ನು ಕೆಲಸದಿಂದ ನಿಲ್ಲಿಸಿದ್ದಾರೆ.

ಈಗ ಬಾವಿಗೆ ಔಷಧ ಹಾಕಿಸಿದ್ದೇವೆ, ನೀರು ಕುದಿಸಿ ಕುಡಿಯುತ್ತೇವೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನೀನೂ ಕುದಿಸದೆ ಒಂದು ಗುಟುಕು ಕುಡಿಯಬೇಡ. ಹೊಟ್ಟೆಯಲ್ಲಿರುವ ಕೂಸಿಗಾಗಿಯಾದರೂ ಹೊತ್ತಿಗೆ ಸರಿಯಾಗಿ ಉಣ್ಣು. ಅಳಿಯಂದಿರಿಗೆ ಆಶೀರ್ವಾದ ತಿಳಿಸು. ದೇವರು ನಿನ್ನ ಮಡಿಲು ಕಾಯಲಿ.

ನಿನ್ನ ಅವ್ವ,
ಜಾನಕೀಬಾಯಿ

ತಾ.ಕ.: ಮೇಲಿನದನ್ನು ನಿನ್ನ ತಂದೆಗೆ ಓದಿ ತೋರಿಸಿದೆ. ಇದನ್ನು ತೋರಿಸಿಲ್ಲ.

ಶೇಖಸಾಬನ ಕೈ ತಪ್ಪಲಿಲ್ಲ, ಅಂಬೂ. ಶ್ರಾವಣದಲ್ಲಿ ಅವನು ನನ್ನ ಮಡಿಗೆ ಅಂಜಿ ಶೀಶೆಯನ್ನು ಕೆಳಗಿಟ್ಟು ದೂರ ನಿಂತ. "ನಾ ಬಾವಿ ಮುಟ್ಟೂದಿಲ್ರಿ, ನೀವ ತುಂಬಿ ಕೊಡ್ರಿ. ಕೊಡದಾಗಿನ ನೀರು ಬ್ಯಾಡ, ಶೀಶೇನ ಬಾವಿಗೆ ಇಳಸ್ರಿ" ಎಂದ. ಯಾರು ಯಾರೋ ಮುಟ್ಟಿದ ಶೀಶೆ ನಮ್ಮ ಮಡಿನೀರಿನ ಬಾವಿಗೆ ಇಳಿಯುವುದು ನನಗೆ ಸೇರಲಿಲ್ಲ. ಗೋಡೆಯಾಚೆಯ ಒಕ್ಕಲಗಿತ್ತಿ ತಿಪ್ಪವ್ವನ ಕೈಗೆ ಕೊಟ್ಟು ಅವಳ ಬಾವಿಯಲ್ಲಿ ತುಂಬಿಸಿದೆ.

"ಅಂವಾ ನಿಮ್ಮ ಬಾವಿ ನೀರ ಕೇಳ್ಯಾನಲ್ರಿ ಬಾಯಾರ?" ಎಂದಳು.

"ನೀರೆಲ್ಲಾ ಒಂದ ಅಲ್ಲೇನ" ಎಂದೆ.

ನಾಳೆ ಅವನ ಕಚೇರಿಗೂ ಇದನ್ನೇ ಬರೆಯುತ್ತೇನೆ. ಆದರೆ ಮೊದಲು ನಿನಗೆ ಹೇಳಬೇಕು.

ದಸರೆಯಲ್ಲಿ ಆಡಿ ದಣಿದ ಕಮಲಿ ತಿಪ್ಪವ್ವನ ಹಿತ್ತಲಲ್ಲಿ ನೀರು ಕೇಳಿದ್ದಳು. ತುಟಿಗೆ ತಾಗಿದ್ದ ತಂಬಿಗೆಯನ್ನು ಕಸಿದು ಚೆಲ್ಲಿದೆ. ಅವಳನ್ನು ಎಳೆದುಕೊಂಡು ಬಂದು, ನಮ್ಮ ಬಾವಿಯ ನೀರನ್ನು ನನ್ನ ಕೈಯಾರೆ ಕುಡಿಸಿದೆ.