ಮರುಮೌಲ್ಯಮಾಪನದ ಅರ್ಜಿ

ಕೆಂಡಲ್, ಆಗಸ್ಟ್ ೨೧

ಪ್ರಿಯ ರೋಲಂಡ್,

ಇತಿಹಾಸದಲ್ಲಿ ‘ಎ’ ಬದಲು ‘ಸಿ’ ಬಂದು ಹ್ಯಾಝೆಲ್‌ಗೆ ಯಾರ್ಕ್ ವಿಶ್ವವಿದ್ಯಾಲಯದ ಸೀಟು ತಪ್ಪಿದಂದಿನಿಂದ ನೀನು ಮಗಳೊಂದಿಗೆ ಮಾತು ಬಿಟ್ಟಿರುವೆ. ಮರುಮೌಲ್ಯಮಾಪನದ ಅರ್ಜಿಗೆ ಸಹಿ ಹಾಕೆಂದು ಅವಳನ್ನು ದಯವಿಟ್ಟು ಒತ್ತಾಯಿಸಬೇಡ. ಅಂಕ ಇನ್ನೂ ಇಳಿಯಬಹುದು.

ಉತ್ತರಪತ್ರಿಕೆಯ ಪ್ರತಿಯನ್ನು ನಿನ್ನೆ ಅವಳಿಂದ ತರಿಸಿಕೊಂಡು ಓದಿದೆ. ಇಬ್ಬರು ಇತಿಹಾಸಕಾರರ ವಾದಗಳನ್ನು ತೂಗಿ ನೋಡೆಂಬುದು ಪ್ರಶ್ನೆ. ಅವಳು ಇಸವಿಗಳ ಸಹಿತ ಘಟನೆಗಳನ್ನಷ್ಟೇ ಅನುಕ್ರಮವಾಗಿ ಬರೆದಿದ್ದಾಳೆ. ಅದು ನನ್ನ ಟಿಪ್ಪಣಿಯ ಯಥಾಪ್ರತಿ.

ಈಸ್ಟರ್ ರಜೆಯಲ್ಲಿ ನಾನು ಪಾಠ ಹೇಳಿಕೊಡುವಾಗ, “ಅಜ್ಜಿ, ನಮ್ ಮಿಸ್ ಹೀಗ್ ಬರೀಬೇಡಿ ಅಂತಾರೆ” ಎಂದಿದ್ದಳು.

“ನಿಮ್ ಮಿಸ್ ಹುಟ್ಟೋಕ್ ಮುಂಚೆಯಿಂದ ನಾನ್ ಪೇಪರ್ ತಿದ್ದಿದೀನಿ. ಸುಮ್ನೆ ಬರಿ” ಎಂದೆ.

ಸೋಮಾರಿಯೆಂದು ನೀನು ಬಯ್ದಾಗಲೂ ಅವಳು ನನ್ನ ಹೆಸರೆತ್ತಲಿಲ್ಲ. ಏಕೆಂದು ಕೇಳಿದೆ. “ಹೇಳಿದ್ರೆ ಅಪ್ಪ ನಿಮ್ ಮೇಲೆ ರೇಗ್ತಾರಲ್ಲ, ಅಜ್ಜಿ” ಎಂದಳು.

ರೇಗುವುದಿದ್ದರೆ ಇಲ್ಲಿಗೆ ಬಂದು ರೇಗು. ಅದಕ್ಕೆ ಮೊದಲು ಈ ಪತ್ರವನ್ನು ಅವಳೆದುರು ಗಟ್ಟಿಯಾಗಿ ಓದು. ಮತ್ತೆ ಪರೀಕ್ಷೆಗೆ ಕೂರುವಳಾದರೆ ಅವಳ ಮಿಸ್ ಹೇಳಿದಂತೆಯೇ ಬರೆಯಲಿ. ಭಾನುವಾರ ಅವಳನ್ನು ಚಹಾಕ್ಕೆ ಕಳುಹಿಸು. ಪಾಠವಿರುವುದಿಲ್ಲವೆಂದು ತಿಳಿಸು.

ನಿನ್ನ ತಾಯಿ,
ವಿನಿಫ್ರೆಡ್ ಆಸ್ಕ್ಯೂ