ನನ್ನ ಬೈಗುಳಕ್ಕೂ ಸಹಿ ಬೇಕಂತೆ

ರೀ,

ಇವತ್ತು ಹಾಡು ಕಟ್ಟುವ ಹುಡುಗಿಯೊಬ್ಬಳು ವಕೀಲರನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ನೀವು ಮನೆಯಲ್ಲೇ ಹಾಡಿ ಟೇಪು ಮಾಡಿದ್ದನ್ನು ನಮ್ಮ ಮೊಮ್ಮಗಳು ಅವಳಿಗೆ ಕೇಳಿಸಿದ್ದಳಂತೆ. ಅದರದ್ದೊಂದು ತುಣುಕು ಅವಳ ಹೊಸ ಹಾಡಿಗೆ ಬೇಕಂತೆ. ನೀವಿಲ್ಲವಲ್ಲ, ನಿಮ್ಮ ಪರವಾಗಿ ನಾನು ಒಪ್ಪಿಗೆ ಕೊಡಬೇಕಂತೆ.

"ಧಾರಾಳವಾಗಿ ತಗೊಳ್ಳಮ್ಮ" ಎಂದೆ.

"ನಿಮ್ಮ ದನಿಗೂ ಬೇರೆ ಸಹಿ ಬೇಕು ಅಜ್ಜಿ" ಎಂದರು ವಕೀಲರು.

"ನಾನ್ಯಾವಾಗಪ್ಪ ಹಾಡಿದೆ?"

ಹುಡುಗಿ ಫೋನಿನಲ್ಲಿ ಹಾಕಿ ಕೇಳಿಸಿದಳು. ನೀವು ರಾಗ ಎಳೆಯುತ್ತಿದ್ದೀರಿ, ನಡುವೆ ಅಡುಗೆಮನೆಯಿಂದ ನನ್ನ ಗಂಟಲು: "ಸಾಕು ನಿಲ್ಲಿಸ್ರೀ ಆ ಗೋಳಾಟ! ಹಾಲು ಉಕ್ಕಿದ್ರೂ ಗೊತ್ತಾಗಲ್ಲ ನಿಮಗೆ!" ಇದಕ್ಕೂ ಹಕ್ಕಿದೆಯೆಂದು ಮೊದಲೇ ಗೊತ್ತಿದ್ದರೆ ಇನ್ನೂ ನಾಲ್ಕು ಬೈಯುತ್ತಿದ್ದೆ.

"ನನ್ನದನ್ನ ಕತ್ತರಿಸಿ ಬಿಸಾಕು. ಅವರದ್ದಷ್ಟೇ ಇಟ್ಕೋ" ಎಂದೆ.

"ಅದನ್ನ ತೆಗೆದ್ರೆ ತಾತನ ನಗುವಿಗೆ ಅರ್ಥಾನೇ ಇರಲ್ಲ ಅಜ್ಜಿ."

"ಯಾವ ನಗು?"

ಅವಳು ದನಿ ಜೋರು ಮಾಡಿದಳು. ನನ್ನ ಬೈಗುಳದ ಬೆನ್ನಿಗೇ ನೀವು ನಕ್ಕಿದ್ದೀರಿ, ಮೆಲ್ಲಗೆ, ನಿಮ್ಮಷ್ಟಕ್ಕೆ ನೀವೇ. ನಾನಾಗ ಒಲೆಯ ಮುಂದಿದ್ದೆ. ಅದಾದ ಮೇಲೆ ನೀವು ನನ್ನೆದುರು ಹಾಡಲೇ ಇಲ್ಲ. ಮುನಿಸಿಕೊಂಡಿದ್ದೀರಿ ಎಂದೇ ಇಷ್ಟು ವರ್ಷ ತಿಳಿದಿದ್ದೆ. ನೀವಾಗಿ ಹೇಳಲಿಲ್ಲ, ನಾನಾಗಿ ಕೇಳಲಿಲ್ಲ.

ಹುಡುಗಿಯಿಂದ ಮತ್ತೆ ಮತ್ತೆ ಹಾಕಿಸಿದೆ. ವಕೀಲರು ಗಡಿಯಾರ ನೋಡಿದರು, ನೋಡಿಕೊಳ್ಳಲಿ.

ಕೊನೆಗೆ ಎರಡೂ ಕಡೆ ಸಹಿ ಹಾಕಿದೆ. ಆದರೆ ಅದಕ್ಕೂ ಮೊದಲು, ನನ್ನ ಬೈಗುಳವನ್ನೂ ನಿಮ್ಮ ನಗುವನ್ನೂ ಎಂದಿಗೂ ಬೇರೆ ಮಾಡಕೂಡದು ಎಂದು ವಕೀಲರ ಕೈಯಲ್ಲೇ ಬರೆಸಿದೆ.